ನಾಲ್ಕು ಪುಟದೊಳಗೆ ಎರಡು ಲೋಕ: ಅಲನ್ ಮೂರ್‌ನ ಸಣ್ಣ ಕತೆಗಳೂ ನಮ್ಮ ಗಡಿನಾಡಿನ ಕಾಮಿಕ್ಸೂ

ಪತ್ತೇದಾರಿ ಕತೆಯೊಳಗೆ ದೆವ್ವವನ್ನು ತಂದರೆ ಸಾಮಾನ್ಯವಾಗಿ ಎರಡೂ ಕೆಡುತ್ತವೆ. ಕೊಲೆ ಮಾಡಿದ್ದು ಯಾರು ಎಂದು ಹತ್ತು ಪುಟ ತಲೆ ಓಡಿಸಿದ ಓದುಗನಿಗೆ ಹನ್ನೊಂದನೆಯ ಪುಟದಲ್ಲಿ ‘ದೆವ್ವವೇ ಮಾಡಿದ್ದು’ ಎಂದರೆ ಅವನಿಗೆ ಮೋಸಹೋದ ಹಾಗಾಗುತ್ತದೆ. ದೆವ್ವದ ಕತೆ ಬೇಕೆಂದು ಬಂದವನಿಗೋ, ಪೊಲೀಸರ ವಿಚಾರಣೆ ಯಾವಾಗ ಮುಗಿಯುತ್ತದೆ ಎಂದು ಕಾಯುವ ಶಿಕ್ಷೆ. ಹಾಗಿದ್ದೂ ಕೆಲವರ ಕೈಯಲ್ಲಿ ಈ ಬೆರಕೆ ಕೂಡಿಬರುತ್ತದೆ. ಇಂಗ್ಲೆಂಡಿನ ನಾರ್ತಾಂಪ್ಟನ್ನಿನಲ್ಲಿ 1953ರಲ್ಲಿ ಹುಟ್ಟಿದ ಕಾಮಿಕ್ಸ್ ಬರಹಗಾರ ಅಲನ್ ಮೂರ್ ಅಂಥವನೊಬ್ಬ. ಅವನ ಹೆಸರು ಹೇಳಿದರೆ ಎಲ್ಲರೂ 1986–87ರ ‘ವಾಚ್‌ಮೆನ್’ ಕಾಮಿಕ್ಸ್ ಸರಣಿಯನ್ನೇ ನೆನೆಯುತ್ತಾರೆ. ಬರೆಯುವುದನ್ನು ಕಲಿಯಬೇಕೆನ್ನುವವರಿಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅವನು ಎಂಬತ್ತರ ದಶಕದ ಮೊದಲಲ್ಲಿ ಬರೆದ ನಾಲ್ಕೈದು ಪುಟದ ಸಣ್ಣ ಕತೆಗಳು, ಮತ್ತೆ ‘ಹ್ಯಾಲೋ ಜೋನ್ಸ್’, ‘ಟಾಪ್ 10’ನಂಥ ವಿಚಿತ್ರ ಬೆರಕೆಯ ಸರಣಿಗಳು. ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಕೂತು ಕನ್ನಡದಲ್ಲಿ ಕಾಮಿಕ್ಸ್ ಮಾಡಬೇಕೆನ್ನುವವರಿಗೆ ಇವು ಇನ್ನೂ ಹತ್ತಿರ. ನಮ್ಮ ಸುತ್ತಲಿನ ಸರಕು ಮೊದಲೇ ಬೆರೆತದ್ದು; ಅದನ್ನು ಕಟ್ಟುವ ಕೆಲಸವಷ್ಟೇ ಬಾಕಿ.

ಮೂರ್ ಕಲಿತದ್ದು ‘2000 ಎಡಿ’ ಎಂಬ ಕಾಮಿಕ್ಸ್ ವಾರಪತ್ರಿಕೆಯಲ್ಲಿ. 1977ರಲ್ಲಿ ಶುರುವಾದ ಆ ಪತ್ರಿಕೆ ಹೊಸ ಬರಹಗಾರರ ಕೈಗೆ ನೇರವಾಗಿ ಸರಣಿ ಕೊಡುತ್ತಿರಲಿಲ್ಲ. ಮೊದಲು ‘ಫ್ಯೂಚರ್ ಶಾಕ್ಸ್’, ‘ಟೈಮ್ ಟ್ವಿಸ್ಟರ್ಸ್’ ಎಂಬ ತಲೆಬರಹದಡಿ ಬಿಡಿ ಕತೆ ಬರೆದು ತೋರಿಸಬೇಕಿತ್ತು. ಮುಂದುವರಿಯುವ ಪಾತ್ರವಿಲ್ಲ, ಹಿಂದಿನ ಸಂಚಿಕೆಯ ನೆನಪಿನ ಆಸರೆಯಿಲ್ಲ. ಲೋಕ ಕಟ್ಟುವುದು, ಅದರೊಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸುವುದು, ಮುಗಿಸುವುದು, ಎಲ್ಲ ಆ ನಾಲ್ಕೈದು ಪುಟದಲ್ಲೇ. 1983ರಲ್ಲಿ ಮೈಕ್ ವೈಟ್ ಚಿತ್ರ ಬರೆದ ‘ದಿ ರಿವರ್ಸಿಬಲ್ ಮ್ಯಾನ್’ ಇವುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು. ಬೀದಿಯಲ್ಲಿ ಒಬ್ಬ ಕುಸಿದು ಬಿದ್ದಿರುವಲ್ಲಿಂದ ಕತೆ ಶುರುವಾಗಿ ಅವನ ಹುಟ್ಟಿನವರೆಗೆ ಹಿಮ್ಮುಖವಾಗಿ ಹೋಗುತ್ತದೆ. ಹೇಳುತ್ತಿರುವವನಿಗೆ ಮಾತ್ರ ಅದು ಹಿಮ್ಮುಖ ಎಂಬ ಅರಿವೇ ಇಲ್ಲ. ಸತ್ತವರು ಮನೆಗೆ ಬರುತ್ತಾರೆ, ಮದುವೆಯ ದಿನ ಕಳೆದ ಮೇಲೆ ಹೆಂಡತಿ ಅಪರಿಚಿತಳಾಗುತ್ತಾಳೆ. ಇದೆಲ್ಲ ಲೋಕರೂಢಿ ಎಂಬ ಹಾಗೆ ಅವನು ಹೇಳುತ್ತಾ ಹೋಗುತ್ತಾನೆ.

ಇಲ್ಲಿ ಬದಲಾದದ್ದು ಒಂದೇ ಒಂದು ಸಂಗತಿ, ಕಾಲದ ದಿಕ್ಕು. ಮನೆ, ಕೆಲಸ, ಮದುವೆ, ಮಗು ಎಲ್ಲವೂ ಯಾರ ಆತ್ಮಕತೆಯಲ್ಲಾದರೂ ಇರುವಂಥವು. ವೈಜ್ಞಾನಿಕ ಕತೆ ಲೋಕಕ್ಕೊಂದು ನಿಯಮ ಕೊಟ್ಟಿತು, ಸಾಮಾನ್ಯನ ಬಾಳುವೆಯ ಕತೆ ಪಾತ್ರಕ್ಕೆ ದಿನವಿಡೀ ಮಾಡುವ ಕೆಲಸ ಕೊಟ್ಟಿತು. ಎರಡು ಪ್ರಕಾರಗಳನ್ನು ಬೆರೆಸುವಾಗ ಈ ಹಂಚಿಕೆ ಮೊದಲು ಆಗಬೇಕು: ನಿಯಮ ಯಾವುದರದ್ದು, ಕೆಲಸ ಯಾವುದರದ್ದು? ಎರಡೂ ನಿಯಮ ಕೊಡಲು ಹೊರಟರೆ ಓದುಗನಿಗೆ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ. ಎರಡೂ ಕೆಲಸವನ್ನಷ್ಟೇ ಕೊಟ್ಟರೆ ವೇಷ ಬದಲಾಗುತ್ತದೆ, ಕತೆ ಬದಲಾಗುವುದಿಲ್ಲ.

1999ರಲ್ಲಿ ಶುರುವಾಗಿ 12 ಸಂಚಿಕೆ ನಡೆದ ‘ಟಾಪ್ 10’ ಇದೇ ಹಂಚಿಕೆಯ ಮೇಲೆ ನಿಂತಿದೆ. ಚಿತ್ರ ಜೀನ್ ಹಾ ಮತ್ತು ಝ್ಯಾಂಡರ್ ಕ್ಯಾನನ್ ಅವರದು. ಅದು ನಡೆಯುವ ನಿಯೋಪೊಲಿಸ್ ಎಂಬ ನಗರದಲ್ಲಿ ಪೊಲೀಸನಿಗೂ ಕಳ್ಳನಿಗೂ ಟ್ಯಾಕ್ಸಿ ಚಾಲಕನಿಗೂ ಅತಿಮಾನುಷ ಶಕ್ತಿ ಇದೆ. ಎಲ್ಲರಿಗೂ ಇದ್ದ ಮೇಲೆ ಶಕ್ತಿಯಲ್ಲಿ ವಿಶೇಷವೇನೂ ಉಳಿಯುವುದಿಲ್ಲ. ಉಳಿಯುವುದು ಠಾಣೆಯ ದಿನಚರಿ. ದೂರು ಬರೆದುಕೊಳ್ಳುವುದು, ಜಗಳ ಬಿಡಿಸುವುದು, ಸಾವಿನ ಸುದ್ದಿ ಮುಟ್ಟಿಸುವುದು. ಎಂಟನೆಯ ಸಂಚಿಕೆಯಲ್ಲೊಂದು ಸಂಚಾರ ಅಪಘಾತ ನಡೆಯುತ್ತದೆ. ಕ್ಷಣದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ದಾಟಿಸುವ ನಿಲ್ದಾಣದಲ್ಲಿ ಪ್ರಯಾಣಿಕರು ದಾರಿಯಲ್ಲೇ ಡಿಕ್ಕಿಯಾಗಿ ಒಬ್ಬರೊಳಗೊಬ್ಬರು ಸಿಕ್ಕಿಕೊಂಡಿದ್ದಾರೆ. ಉಳಿಸುವ ದಾರಿಯಿಲ್ಲ. ಪೊಲೀಸಿನವಳೊಬ್ಬಳು ಸಾಯುತ್ತಿರುವವರ ಜೊತೆ ಕೊನೆಯವರೆಗೂ ಮಾತಾಡುತ್ತಾ ನಿಲ್ಲುತ್ತಾಳೆ. ಅಪಘಾತ ಆಗುವುದು ವೈಜ್ಞಾನಿಕ ಕತೆಯ ನಿಯಮದಿಂದ, ಅವಳು ಅಲ್ಲಿ ನಿಲ್ಲಬೇಕಾಗುವುದು ಠಾಣೆಯ ಕೆಲಸದಿಂದ. ಓದುವವರ ಗಂಟಲು ಕಟ್ಟುವುದು ಇವೆರಡೂ ಸಂಧಿಸುವ ಆ ಒಂದು ಜಾಗದಲ್ಲಿ.

ಸಣ್ಣ ಕತೆಯಲ್ಲಿ ಪುಟದ ವಿನ್ಯಾಸವೇ ನಿಯಮವಾಗಬಹುದು ಎನ್ನುವುದಕ್ಕೆ ಚಿತ್ರಕಾರ ರಿಕ್ ವೀಚ್ ಜೊತೆ ಮೂರ್ ಮಾಡಿದ ‘ಗ್ರೇಶರ್ಟ್’ ಸಾಲಿನ ‘ಹೌ ಥಿಂಗ್ಸ್ ವರ್ಕ್ ಔಟ್’ ಇದೆ. ಪ್ರತಿ ಪುಟವೂ ಒಂದು ನಾಲ್ಕಂತಸ್ತಿನ ಕಟ್ಟಡ. ಮೇಲಿಂದ ಕೆಳಕ್ಕೆ ಜೋಡಿಸಿದ ನಾಲ್ಕು ಚೌಕಗಳೇ ನಾಲ್ಕು ಅಂತಸ್ತು, ಒಂದೊಂದು ಅಂತಸ್ತಿನಲ್ಲಿ ಒಂದೊಂದು ಕಾಲ. ಕೆಳಗಿನ ಮನೆಯಲ್ಲಿ ಆದ ತಪ್ಪಿನ ಫಲ ದಶಕಗಳ ನಂತರದ ಮೇಲಿನ ಮನೆಯಲ್ಲಿ ಕಾಣುತ್ತದೆ. ಅಪರಾಧದ ಕತೆಯನ್ನು ಕಾಲದ ಆಟದೊಳಗೆ ಕೂರಿಸಿಯೂ ‘ಅಷ್ಟು ವರ್ಷದ ಹಿಂದೆ’ ಎಂದು ಮತ್ತೆ ಮತ್ತೆ ಬರೆಯಬೇಕಾಗಿಲ್ಲ. ಪುಟವನ್ನು ಉದ್ದಕ್ಕೂ ಓದಬಹುದು, ಒಂದೇ ಅಂತಸ್ತನ್ನು ಪುಟದಿಂದ ಪುಟಕ್ಕೆ ಅಡ್ಡಕ್ಕೂ ಓದಬಹುದು. ಸಿನಿಮಾಕ್ಕಾಗಲಿ ಬರಿಯ ಗದ್ಯಕ್ಕಾಗಲಿ ಇದು ಸಾಧ್ಯವಿಲ್ಲ. ಕಾಮಿಕ್ಸ್ ಬರೆಯುವವರು ಕಾಗದದಲ್ಲಿ ಮಾತ್ರ ಆಗುವಂಥದ್ದನ್ನು ಹೀಗೆ ಹುಡುಕಿ ಬಳಸಬೇಕು.

ಈಗ ನಮ್ಮೂರಿನ ಸರಕಿಗೆ ಬರೋಣ. ಬೆರಕೆ ಕತೆ ಎಂದ ಕೂಡಲೇ ನಮ್ಮ ಕಡೆಯ ಹುಡುಗರು ಮೊದಲು ಕೈ ಹಾಕುವುದು ದೈವಾರಾಧನೆಯ ಕೋಲ, ನೇಮ, ತೆಯ್ಯಗಳಿಗೆ. ಬೆಂಕಿ, ಮುಖವರ್ಣಿಕೆ, ಅಣಿ, ಕತ್ತಲು ಎಲ್ಲ ಸಿದ್ಧವಾಗಿ ಸಿಗುವುದರಿಂದ ಅದನ್ನು ಭಯದ ಕತೆಯಾಗಿ ಬರೆದುಬಿಡುತ್ತಾರೆ. ಇದು ದೊಡ್ಡ ತಪ್ಪು ಎಂದೇ ನನ್ನ ನಂಬಿಕೆ. ನೇಮದ ಅಂಗಳದಲ್ಲಿ ನಿಂತ ಊರವರಿಗೆ ದೈವ ಹೆದರಿಸಲು ಬಂದದ್ದಲ್ಲ. ಜಾಗದ ತಕರಾರು, ಅಣ್ಣತಮ್ಮಂದಿರ ಮನಸ್ತಾಪ, ಕೊಟ್ಟ ಮಾತು ತಪ್ಪಿದವನ ವಿಚಾರ ಎಲ್ಲ ಅಲ್ಲಿ ಹೇಳಿಕೊಳ್ಳುತ್ತಾರೆ, ದೈವ ನುಡಿ ಕೊಡುತ್ತದೆ. ಕತೆಗಾರನ ಲೆಕ್ಕದಲ್ಲಿ ಅದು ನ್ಯಾಯಾಲಯದ ಪ್ರಕಾರ. ವಾದಿ, ಪ್ರತಿವಾದಿ, ಸಾಕ್ಷಿ, ತೀರ್ಪು ಎಂದು ಹಿಡಿದರೆ ಕತೆಗೆ ಬಲ ಬರುತ್ತದೆ, ನಂಬುವವರ ಮನಸ್ಸಿಗೂ ನೋವಾಗುವುದಿಲ್ಲ. ನಿಜವಾಗಿ ಆರಾಧನೆಯಲ್ಲಿರುವ ದೈವದ ಹೆಸರನ್ನೂ ಅದರ ಕತೆ ಹಾಡುವ ಪಾಡ್ದನದ ಸಾಲುಗಳನ್ನೂ ಎತ್ತಿಕೊಂಡು ಪಾತ್ರ ಮಾಡಬಾರದು. ಆ ಹೆಸರಿನ ಜೊತೆ ಒಂದು ಕುಟುಂಬದ, ಒಂದು ಗುತ್ತಿನ ಮನೆತನದ ನಡಾವಳಿ ಬರುತ್ತದೆ. ಅದನ್ನು ತಿಳಿಯದೆ ಬರೆದ ಒಂದು ಚೌಕ ಸಾಕು, ಊರಿನ ಓದುಗರು ಪುಸ್ತಕ ಮಡಚಿಡಲು.

ತೆಂಕುತಿಟ್ಟಿನ ಯಕ್ಷಗಾನ ಈ ವಿಷಯದಲ್ಲಿ ನಮಗೆ ಹತ್ತಿರದ ಪಾಠಶಾಲೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಘೋರ ಯುದ್ಧದ ಪ್ರಸಂಗದ ನಡುವೆ ಹಾಸ್ಯಗಾರ ಬರುತ್ತಾನೆ, ಆದರೆ ಬರಿದೇ ಬರುವುದಿಲ್ಲ. ದೂತನಾಗಿ, ಬಾಗಿಲು ಕಾಯುವವನಾಗಿ, ಒಂದು ಕೆಲಸ ಹಿಡಿದೇ ಬರುತ್ತಾನೆ. ಆ ಕೆಲಸ ಮುಗಿದರೆ ಅವನ ಮಾತೂ ಮುಗಿಯುತ್ತದೆ. ಗಂಭೀರ ಕತೆಯಲ್ಲಿ ನಗೆ ತರಬೇಕಿದ್ದರೆ ಆ ನಗೆಗೂ ಒಂದು ಉದ್ಯೋಗ ಕೊಡಬೇಕು.

ಒಂದು ಕತೆಯನ್ನು ಕಟ್ಟಿಯೇ ನೋಡೋಣ. ನಮ್ಮಲ್ಲಿ ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ತೋಡಿದ ಸುರಂಗಗಳಿವೆ. ಸುಮಾರು ಎರಡು ಅಡಿ ಅಗಲ, ಒಬ್ಬ ಆಳು ನಡೆದುಹೋಗುವಷ್ಟು ಎತ್ತರ, ನೀರು ತಾನೇ ಹೊರಗೆ ಹರಿಯುವಷ್ಟು ಸಣ್ಣ ಇಳಿಜಾರು. ಉದ್ದ ಅಳೆಯುವುದು ಕೋಲಿನ ಲೆಕ್ಕದಲ್ಲಿ, ಒಂದು ಕೋಲು ಸುಮಾರು ಎರಡೂವರೆ ಅಡಿ. ತೋಡುವವರು ಮೇಣದಬತ್ತಿ ಹಚ್ಚಿಕೊಂಡು ಒಳಗೆ ಹೋಗುತ್ತಾರೆ. ದೀಪ ನಂದಿದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆ ಎಂದು ಹೊರಗೆ ಬರುತ್ತಾರೆ. ಈ ಲೋಕಕ್ಕೆ ಒಂದೇ ನಿಯಮ ಕೊಡೋಣ: ಒಂದು ಕೋಲು ಒಳಗೆ ಹೋದರೆ ಒಂದು ವರ್ಷ ಹಿಂದಕ್ಕೆ. ಕೆಲಸವನ್ನು ಕಂದಾಯ ಇಲಾಖೆಯಿಂದ ತರೋಣ. ಸುರಂಗದ ನೀರು ಯಾರಿಗೆ ಸೇರಬೇಕೆಂದು ಅಣ್ಣತಮ್ಮಂದಿರ ಮಕ್ಕಳ ಜಗಳ. ತೋಡಿಸಿದ್ದು ನಮ್ಮಪ್ಪ ಎಂದು ಇಬ್ಬರ ಮಕ್ಕಳೂ ಹೇಳುತ್ತಾರೆ. ಅಳೆದು ವರದಿ ಕೊಡಲು ವಿಲೇಜ್ ಆಫೀಸಿನಿಂದ ಒಬ್ಬರು ಟೇಪು ಹಿಡಿದು ಬಂದಿದ್ದಾರೆ.

ಮೊದಲ ಪುಟಕ್ಕೆ ಐದು ಚೌಕ: ಅಂಗಳದ ಜಗಳ, ಕೈಯಲ್ಲಿರುವ ನಮೂನೆ ಕಾಗದ, ಸುರಂಗದ ಬಾಯಿ, ಹಚ್ಚಿದ ಮೇಣದಬತ್ತಿ, ಒಳಗೆ ಹೋಗುವ ಬೆನ್ನು. ನಿಯಮದ ಸುಳಿವೇ ಇಲ್ಲಿ ಬೇಡ. ಎರಡನೆಯ ಪುಟಕ್ಕೆ ಆರು ಚೌಕ: ಹತ್ತನೆಯ ಕೋಲಿನಲ್ಲಿ ಹಿಂದಿನ ಅಳತೆಯವರು ಹಚ್ಚಿದ ಕೆಂಪು ಗುರುತು. ಅಧಿಕಾರಿ ಮುಟ್ಟುತ್ತಾರೆ, ಬೆರಳಿಗೆ ಬಣ್ಣ ಹತ್ತುತ್ತದೆ. ಹತ್ತು ವರ್ಷದ ಹಿಂದಿನ ಬಣ್ಣ ಹಸಿಯಾಗಿದೆ. ನಿಯಮ ಗೊತ್ತಾಗಬೇಕಾದದ್ದು ಹೀಗೆ, ಬೆರಳಿನಿಂದ. ಇನ್ನೂ ಒಳಗೆ ಹೋದಂತೆ ಗೋಡೆಯ ಪಿಕ್ಕಾಸಿನ ಗೆರೆಗಳು ಹೊಸತಾಗುತ್ತಾ ಹೋಗುತ್ತವೆ. ಮೂರನೆಯ ಪುಟಕ್ಕೆ ನಾಲ್ಕೇ ಚೌಕ, ಎಲ್ಲವೂ ಉದ್ದನೆಯವು, ಸುರಂಗದ ಆಕಾರದವೇ. ಮೂವತ್ತನೆಯ ಕೋಲಿನಲ್ಲಿ ಎದುರಿಗೆ ಇನ್ನೊಂದು ಮೇಣದಬತ್ತಿ. ಅದರ ಹಿಂದೆ ತೋಡುತ್ತಿರುವ ಆಳು. ಅವನು ಅಣ್ಣನೂ ಅಲ್ಲ, ತಮ್ಮನೂ ಅಲ್ಲ, ಕೂಲಿಗೆ ಬಂದವನು. ನಾಲ್ಕನೆಯ ಪುಟದಲ್ಲಿ ಅಧಿಕಾರಿ ಹೊರಗೆ ಬರುತ್ತಾರೆ, ಮಕ್ಕಳಿಬ್ಬರೂ ‘ಯಾರ ಹೆಸರು ಬರೆದಿರಿ ಸಾರ್?’ ಎಂದು ಮೇಲೆ ಬೀಳುತ್ತಾರೆ. ನಮೂನೆಯಲ್ಲಿ ‘ತೋಡಿಸಿದವರು’ ಎಂಬ ಕಲಮು ಇದೆ, ‘ತೋಡಿದವರು’ ಎಂಬುದು ಇಲ್ಲ. ಕೊನೆಯ ಚೌಕ ಆ ಕಾಗದದ್ದು.

ಮೊದಲ ಕರಡಿನಲ್ಲಿ ಇದು ಕೆಡುವ ಜಾಗಗಳು ಗೊತ್ತಿರುವಂಥವೇ. ಅಧಿಕಾರಿ ‘ಅಯ್ಯೋ, ಹಿಂದಿನ ಕಾಲಕ್ಕೆ ಬಂದುಬಿಟ್ಟೆ!’ ಎನ್ನುತ್ತಾರೆ. ಆ ಮಾತಿನ ಬಲೂನು ಕಿತ್ತುಹಾಕಬೇಕು, ಹಸಿ ಬಣ್ಣ ಅದನ್ನು ಆಗಲೇ ಹೇಳಿಯಾಗಿದೆ. ಸುರಂಗಕ್ಕೊಂದು ಶಾಪವೂ ಇರಲಿ ಎಂಬ ಆಸೆ ಹುಟ್ಟುತ್ತದೆ. ಮೂರನೆಯ ಪ್ರಕಾರ ಒಳಗೆ ಬಂದರೆ ನಾಲ್ಕು ಪುಟಕ್ಕೆ ಉಸಿರು ಸಿಗುವುದಿಲ್ಲ. ಇನ್ನೊಂದು ತಪ್ಪು ಚಿತ್ರಕಾರರಿಗೆ ಬರೆದುಕೊಡುವ ವಿವರಣೆಯಲ್ಲಿ ಆಗುತ್ತದೆ. ‘ಅವರು ಬಗ್ಗಿ ಗುರುತು ಮುಟ್ಟಿ ಬೆರಳು ನೋಡಿ ಹೆದರುತ್ತಾರೆ’ ಎಂದರೆ ಅದರಲ್ಲಿ ನಾಲ್ಕು ಕ್ರಿಯೆಗಳಿವೆ, ನಿಂತ ಚಿತ್ರದಲ್ಲಿ ಹಿಡಿಯುವುದು ಒಂದೇ. ಬೆರಳು ಗೋಡೆಯ ಮೇಲೆ ಒಂದು ಚೌಕ, ಕೆಂಪಾದ ಬೆರಳಿನ ತುದಿ ಇನ್ನೊಂದು. ಹೆದರಿಕೆಯನ್ನು ಬರೆಯುವುದೇ ಬೇಡ.

ಭಾಷೆಯ ವಿಷಯದಲ್ಲಿ ‘ದಿ ಬ್ಯಾಲಡ್ ಆಫ್ ಹ್ಯಾಲೋ ಜೋನ್ಸ್’ ನಮಗೆ ಧೈರ್ಯ ಕೊಡುತ್ತದೆ. 1984ರಲ್ಲಿ ಇಯಾನ್ ಗಿಬ್ಸನ್ ಚಿತ್ರಗಳೊಂದಿಗೆ ಶುರುವಾದಾಗ ಅದರ ಪಾತ್ರಗಳು ತಮ್ಮದೇ ಕಾಲದ ಆಡುಮಾತನ್ನು ವಿವರಣೆಯಿಲ್ಲದೆ ಆಡುತ್ತಿದ್ದವು. ಮೊದಮೊದಲು ಓದುಗರಿಗೆ ಕಷ್ಟವಾದರೂ ಆ ಲೋಕ ನಿಜವೆನಿಸಿದ್ದು ಅದರಿಂದಲೇ. ಕಾಸರಗೋಡಿನ ಒಂದು ಬಸ್ಸಿನೊಳಗೆ ಕನ್ನಡ, ತುಳು, ಮಲಯಾಳ, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ ಕೇಳಿಸುತ್ತವೆ. ಎಲ್ಲವನ್ನೂ ಶಾಲೆಯ ಪುಸ್ತಕದ ಕನ್ನಡ ಮಾಡಿದರೆ ಊರೇ ಮಾಯವಾಗುತ್ತದೆ. ಪಾತ್ರಕ್ಕೊಂದು ಮನೆಮಾತು ಮೊದಲೇ ನಿಶ್ಚಯಿಸಿ. ಎರಡು ಮೂರು ಪದದ ಉದ್ಗಾರ, ಸಂಬೋಧನೆ, ಬೈಗುಳಗಳು ಆ ಭಾಷೆಯಲ್ಲೇ ಇರಲಿ. ಕತೆ ಮುಂದಕ್ಕೆ ಹೋಗಲು ತಿಳಿಯಲೇಬೇಕಾದ ಮಾತು ಮಾತ್ರ ಕನ್ನಡದಲ್ಲಿ ಬರಲಿ. ಹಿನ್ನೆಲೆಯ ಬಸ್ ಬೋರ್ಡು, ಆಫೀಸಿನ ಫಲಕಗಳಲ್ಲಿ ಮಲಯಾಳ ಅಕ್ಷರ ಹಾಗೆಯೇ ಇರಬಹುದು. ಅಡಿಟಿಪ್ಪಣಿ ಬೇಡ, ಚೌಕದ ಕೆಳಗೆ ನಕ್ಷತ್ರ ಹಾಕಿ ಅರ್ಥ ಕೊಟ್ಟ ಕೂಡಲೇ ಓದಿನ ಓಟ ನಿಲ್ಲುತ್ತದೆ.

ಪದಗಳ ಲೆಕ್ಕದಲ್ಲಿ ಮೂರ್ ಪಾಲಿಸಿದ ಒಂದು ಹಳೆಯ ಅಳತೆ ಇದೆ. ಡಿಸಿ ಕಾಮಿಕ್ಸ್ ಸಂಸ್ಥೆಯ ಸಂಪಾದಕ ಮಾರ್ಟ್ ವೈಸಿಂಗರ್‌ನಿಂದ ಬಂದದ್ದು: ಆರು ಚೌಕದ ಪುಟದಲ್ಲಿ ಚೌಕಕ್ಕೆ 35 ಪದ, ಅಂದರೆ ಪುಟಕ್ಕೆ 210; ಒಂದು ಬಲೂನಿಗೆ 25ರ ಹತ್ತಿರ. ಇದನ್ನು ಕನ್ನಡಕ್ಕೆ ಹಾಗೆಯೇ ತಂದರೆ ಚಿತ್ರ ಮುಚ್ಚಿಹೋಗುತ್ತದೆ. ‘ಹೋಗಬೇಕಾಗಿತ್ತಂತೆ’ ನಮಗೆ ಒಂದೇ ಪದ, ಇಂಗ್ಲಿಷಿನಲ್ಲಿ ಐದಾರು. ಎ5 ಅಳತೆಯ ಪುಸ್ತಿಕೆಯಲ್ಲಿ ಪುಟಕ್ಕೆ 80–90 ಪದ, ಬಲೂನಿಗೆ 12ರೊಳಗೆ ನಿಲ್ಲಿಸಿದರೆ ಚಿತ್ರಕ್ಕೆ ಜಾಗ ಉಳಿಯುತ್ತದೆ. ಉದ್ದದ ಪದ ಬಲೂನಿನ ಅಂಚಿಗೆ ತಾಗಿದಾಗ ಅಡ್ಡಗೆರೆ ಹಾಕಿ ಒಡೆಯಬೇಡಿ, ವಾಕ್ಯವನ್ನೇ ತಿರುಗಿಸಿ ಬರೆಯಿರಿ.

ಅಕ್ಷರ ಕೂರಿಸುವ ಕೆಲಸವನ್ನು ಕೊನೆಗೆ ಬಿಡುವವರೇ ಹೆಚ್ಚು, ಕೆಡುವುದೂ ಅಲ್ಲಿಯೇ. ಇಂಗ್ಲಿಷ್ ಕಾಮಿಕ್ಸ್ ಹೆಚ್ಚಾಗಿ ದೊಡ್ಡ ಅಕ್ಷರಗಳಲ್ಲೇ ಇರುವುದರಿಂದ ಸಾಲುಗಳನ್ನು ಒತ್ತಾಗಿ ಇಡಬಹುದು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಸಾಲಿನ ಅಂತರ ಅಕ್ಷರದ ಅಳತೆಯ 130ರಿಂದ 140 ಶೇಕಡಾ ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಎ5ರಲ್ಲಿ ಅಕ್ಷರ 8.5 ಪಾಯಿಂಟಿಗಿಂತ ಇಳಿಯಬಾರದು. ಒತ್ತಿ ಹೇಳಬೇಕಾದ ಪದಕ್ಕೆ ದಪ್ಪಕ್ಷರ ಸಾಕು, ಕನ್ನಡವನ್ನು ಓರೆಯಾಗಿಸಿದರೆ ಅಂದ ಕೆಡುತ್ತದೆ. ಮಾತಿಗೆ ‘ನೋಟೊ ಸ್ಯಾನ್ಸ್ ಕನ್ನಡ’ ಫಾಂಟು ಚೆನ್ನಾಗಿ ಹೊಂದುತ್ತದೆ. ‘ಬಲೂ ತಮ್ಮ’ ಎಂಬ ಫಾಂಟಿನ ದಪ್ಪ ಹೆಚ್ಚಾದ್ದರಿಂದ ಅದು ಶೀರ್ಷಿಕೆಗೂ ‘ಧಡಾರ್’, ‘ಚಟ್’ ಮುಂತಾದ ಸದ್ದುಗಳಿಗೂ ಒಳ್ಳೆಯದು. ಫೋಟೋಶಾಪಿನಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಕಂಡರೆ ದೋಷ ಫಾಂಟಿನದ್ದಲ್ಲ. ಪಠ್ಯದ ಆಯ್ಕೆಯಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಿಗಿರುವ ವರ್ಲ್ಡ್-ರೆಡಿ ಜೋಡಣೆಯನ್ನು ಆರಿಸಬೇಕು. ಇಂಕ್‌ಸ್ಕೇಪಿನಲ್ಲಿ ಈ ತೊಂದರೆ ಇಲ್ಲ, ಅದು ಉಚಿತವೂ ಹೌದು.

ಅಚ್ಚಿಗೆ ದೊಡ್ಡ ಬಂಡವಾಳ ಬೇಡ. ಎರಡು ಎ4 ಹಾಳೆಗಳನ್ನು ಮಡಚಿದರೆ ಎಂಟು ಪುಟದ ಎ5 ಪುಸ್ತಿಕೆ. ಹೊರ ಹಾಳೆಯ ಹೊರಮೈಯಲ್ಲಿ ಎಡಕ್ಕೆ 8, ಬಲಕ್ಕೆ 1. ಒಳಮೈಯಲ್ಲಿ 2 ಮತ್ತು 7. ಒಳ ಹಾಳೆಯ ಹೊರಮೈಯಲ್ಲಿ 6 ಮತ್ತು 3. ಒಳಮೈಯಲ್ಲಿ 4 ಮತ್ತು 5. ಮುಖಪುಟ 1 ಎಂದಿಟ್ಟುಕೊಂಡು ಸುರಂಗದ ಕತೆಯನ್ನು 2ರಿಂದ 5ರವರೆಗೆ ಹಾಕಿದರೆ ಎರಡನೆಯ ಮೇಣದಬತ್ತಿ ಕಾಣುವುದು ಹಾಳೆ ತಿರುಗಿಸಿದ ಮೇಲೆ, 4ನೆಯ ಪುಟದಲ್ಲಿ. ಓದುಗನನ್ನು ಬೆಚ್ಚಿಸುವ ಚೌಕ ಬಲಪುಟದಲ್ಲಿದ್ದರೆ ಅವನ ಕಣ್ಣು ಎಡಪುಟ ಓದುವ ಮೊದಲೇ ಅದನ್ನು ನೋಡಿಬಿಟ್ಟಿರುತ್ತದೆ. ಮೊಬೈಲಿಗೆಂದೇ ಮಾಡುವುದಾದರೆ ತಿರುವುವ ಹಾಳೆ ಇಲ್ಲ. ಅಲ್ಲಿ ಆ ಚೌಕಕ್ಕೆ ಮುಂಚೆ ಒಂದು ಪರದೆಯಷ್ಟು ಖಾಲಿ ಕಪ್ಪು ಬಿಡಬೇಕು. ಚಿತ್ರವನ್ನು ಎ4ರಲ್ಲಿ ಬರೆದು 71 ಶೇಕಡಾಕ್ಕೆ ಇಳಿಸಿದರೆ ಎ5ಕ್ಕೆ ಸರಿಹೊಂದುತ್ತದೆ. ಕಂಪ್ಯೂಟರಿನಲ್ಲಿ ಎ5 ಪುಟಕ್ಕೆ 300 ಡಿಪಿಐ ಲೆಕ್ಕದಲ್ಲಿ 1748 x 2480 ಪಿಕ್ಸೆಲ್ ಬೇಕು. ಸುರಂಗದ ಕತೆಯಲ್ಲಿ ಇನ್ನೊಂದು ತೊಂದರೆ ಇದೆ: ಜೆರಾಕ್ಸ್ ಯಂತ್ರದಲ್ಲಿ ಗಟ್ಟಿ ಕಪ್ಪು ತೇಪೆತೇಪೆಯಾಗಿ ಬರುತ್ತದೆ. ಕಪ್ಪನ್ನು ಚೌಕದ ಮೂರನೆಯ ಒಂದು ಭಾಗಕ್ಕೆ ನಿಲ್ಲಿಸಿ ಉಳಿದ ಕತ್ತಲನ್ನು ಒತ್ತೊತ್ತಾದ ಗೆರೆಗಳಲ್ಲಿ ತರಬೇಕು.

ನಮ್ಮಲ್ಲಿ ಬಹುಪಾಲು ಜನರಿಗೆ ಕಾಮಿಕ್ಸ್ ಎಂದರೆ ಕಾರ್ಕಳ ಮೂಲದ ಅನಂತ ಪೈ 1967ರಲ್ಲಿ ಶುರುಮಾಡಿದ ಅಮರ ಚಿತ್ರ ಕಥೆಯ 32 ಪುಟ, ಒಬ್ಬ ನಾಯಕ, ಒಂದು ಪೂರ್ಣ ಚರಿತ್ರೆ. ಆ ಅಭ್ಯಾಸದಿಂದ ಸರಣಿ ಬರೆಯಲು ಹೊರಟವರು ನಾಯಕನನ್ನು ಇಟ್ಟುಕೊಂಡು ಸಂಚಿಕೆಗೊಂದು ಹೊಸ ನಿಯಮ ಹುಡುಕುತ್ತಾರೆ. ಮೂರನೆಯದರ ಹೊತ್ತಿಗೆ ನಿಯಮಗಳು ಒಂದಕ್ಕೊಂದು ಹೊಡೆದಾಡುತ್ತವೆ. ಹ್ಯಾಲೋ ಜೋನ್ಸಿನ ದಾರಿ ಬೇರೆ. ಲೋಕ ಒಂದೇ, ಕೆಲಸ ಬದಲಾಗುತ್ತದೆ. ಮೊದಲ ಪುಸ್ತಕದಲ್ಲಿ ಅವಳು ಸಾಮಾನು ತರಲು ಅಂಗಡಿಗೆ ಹೋಗುತ್ತಾಳೆ, ಅಷ್ಟೇ; ಆ ಪ್ರಯಾಣವೇ ಸಾಹಸ. ಎರಡನೆಯದರಲ್ಲಿ ಅಂತರಿಕ್ಷ ಹಡಗಿನ ಪರಿಚಾರಿಕೆ, ಒಂದು ಕೊಲೆಯ ರಹಸ್ಯವೂ ಬಿಚ್ಚಿಕೊಳ್ಳುತ್ತದೆ. ಮೂರನೆಯದರಲ್ಲಿ ಸೈನಿಕಳು, ಭಾರೀ ಗುರುತ್ವದ ಯುದ್ಧಭೂಮಿಯಲ್ಲಿ ಕೆಲವು ನಿಮಿಷ ಕಳೆಯುವಷ್ಟರಲ್ಲಿ ಹೊರಗೆ ಎಷ್ಟೋ ಕಾಲ ಸರಿದಿರುತ್ತದೆ. ಒಂಬತ್ತು ಪುಸ್ತಕಗಳ ಯೋಜನೆ ಹಕ್ಕುಗಳ ತಕರಾರಿನಿಂದ ಮೂರಕ್ಕೇ ನಿಂತದ್ದು ಇವತ್ತಿಗೂ ಬೇಸರದ ಸಂಗತಿ. ಆದರೆ ಆ ಮೂರರಲ್ಲೇ ಸರಣಿ ಕಟ್ಟುವ ರೀತಿ ಇದೆ.

ಹಾಗಾಗಿ ಸುರಂಗದ ನಿಯಮವನ್ನು ಸರಣಿ ಮಾಡುವುದಿದ್ದರೆ ಕೋಲಿಗೊಂದು ವರ್ಷ ಎಂಬುದನ್ನು ಮುಟ್ಟಬೇಡಿ. ಒಳಗೆ ಹೋಗುವವರನ್ನು ಬದಲಿಸಿ. ಎರಡನೆಯ ಕತೆಯಲ್ಲಿ ಅಡಕೆ ತೋಟಕ್ಕೆ ನೀರು ನಿಂತಿತೆಂದು ನೀರು ಹರಿಸುವ ದಂಬೆ ಸರಿಮಾಡಲು ಹೋಗುವ ಕೆಲಸದಾಕೆ, ಮೂರನೆಯದರಲ್ಲಿ ಬಾವಲಿ ಎಣಿಸಲು ಬಂದ ಕಾಲೇಜಿನ ಹುಡುಗ, ನಾಲ್ಕನೆಯದರಲ್ಲಿ ಓಡಿಹೋದ ಕಳ್ಳನನ್ನು ಹುಡುಕುವ ಪೊಲೀಸ್. ಒಂದೊಂದೂ ನಾಲ್ಕೇ ಪುಟ, ಒಂದೊಂದಕ್ಕೂ ಬೇರೆ ಪ್ರಕಾರ. ನಾಲ್ಕೂ ಮುಗಿದ ಮೇಲೆ, ಸುರಂಗ ಎಷ್ಟು ಕೋಲು ಉದ್ದವಿದೆ ಎಂದು ಯಾರೂ ಈವರೆಗೆ ಕೇಳಿಲ್ಲ ಎಂಬುದು ಓದುಗನಿಗೆ ಹೊಳೆದಿದ್ದರೆ ಆಗ 22 ಪುಟದ ಕತೆಗೆ ಕೈ ಹಾಕಬಹುದು.